ಎದ್ದು ನಿಂತ ಮೇಲಿನ ನಾಡಿ

ಕಾಯಿಲೆಯವರು ತಾವಾಗಿಯೇ ಡಾಕ್ಟರ ಹತ್ತಿರ ಬರುತ್ತಾರೆ. ಆರೋಗ್ಯವಾಗಿರುವವರನ್ನು ಹುಡುಕಿಕೊಂಡು ಡಾಕ್ಟರೇ ಹೊರಟರೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಎಂಬತ್ತರ ದಶಕದ ಮೊದಲಲ್ಲಿ ನಾವು ಮೂವರು ಒಂದು ಸಂಶೋಧನೆಗಾಗಿ ಹಾಗೆ ಹೊರಟಿದ್ದೆವು: ಒಬ್ಬ ಯುವ ಡಾಕ್ಟರು, ವಯಸ್ಸಾದ ಸಿಸ್ಟರು, ಬರೆದುಕೊಳ್ಳಲು ನಾನು. ಗಟ್ಟಿಮುಟ್ಟಾದವರನ್ನು ಸ್ವಲ್ಪ ಹೊತ್ತು ಮಲಗಿಸಿ ನಾಡಿ ನೋಡುವುದು, ಎಬ್ಬಿಸಿ ನಿಲ್ಲಿಸುವುದು, ನಿಂತೊಡನೆ ಜಿಗಿಯುವ ಎದೆಬಡಿತ ಎಷ್ಟು ಹೊತ್ತಿಗೆ ಹದಕ್ಕೆ ಬರುತ್ತದೆಂದು ಎಣಿಸುವುದು. ಇಷ್ಟೇ ಕೆಲಸ. ನಾಲ್ಕು ಊರು ಮುಗಿದರೆ ಡಾಕ್ಟರು ಮುಂದೆ ಓದಲು ದೆಹಲಿಗೆ ಹೋಗುವವರು. ಕೆಲಸ ಕೆಟ್ಟಾಗಲೆಲ್ಲ ಅವರು ಹಣೆ ಒತ್ತಿಕೊಳ್ಳುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಸಂತೋಷಪಡುತ್ತಿದ್ದೆ.

ಮಂಡಿಯಲ್ಲಿ ಮಲಗಿದ ಸಾಹುಕಾರರು

ಚನ್ನಗಿರಿಯ ಅಡಿಕೆ ಮಂಡಿಯೊಂದರ ಸಾಹುಕಾರರು ದೊಡ್ಡ ಮನಸ್ಸು ಮಾಡಿ ವ್ಯಾಪಾರದ ಹೊತ್ತಿನಲ್ಲೇ ಗಾದಿಯ ಮೇಲೆ ಮಲಗಿದರು. ಅಡಿಕೆ ತಂದ ರೈತನೊಬ್ಬ ಬಾಗಿಲಲ್ಲಿ ನಿಂತು, ಮಲಗಿದವರನ್ನೂ ಕೈ ಹಿಡಿದ ಡಾಕ್ಟರನ್ನೂ ನೋಡಿ, ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಸ್ವಲ್ಪದರಲ್ಲೇ ಬೀದಿಯ ಅಂಗಡಿಗಳೆಲ್ಲ ಒಂದೊಂದಾಗಿ ಬಾಗಿಲು ಎಳೆದವು. ಯಾರು ಹೋದರು ಎಂದು ಸಾಹುಕಾರರು ಮಲಗಿದಲ್ಲಿಂದಲೇ ಕೇಳಿದರು. ಹೂವಿನ ಹಾರ ಹಿಡಿದು ಬಂದಿದ್ದ ಪಕ್ಕದ ಮಂಡಿಯವರು ತಡವರಿಸಿದರು.

"ನೀವೇ ಅಂತ ಸುದ್ದಿ ಬಂತಲ್ರೀ."

ಎದ್ದು ನಿಲ್ಲುವ ಮೊದಲೇ ಸಾಹುಕಾರರ ಎದೆಬಡಿತ ಜಿಗಿಯಿತು. ನಾವು ಇನ್ನೊಂದು ದಿನ ಉಳಿದೆವು.

ಅಜ್ಜನ ಕೆಮ್ಮು

ಹೊನ್ನಾಳಿಯ ಒಂದು ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಮಲಗಿದ್ದರು. ಅವರ ಅಪ್ಪ, ಊರಿಗೆಲ್ಲ ಅಜ್ಜ, ಒಳಗೂ ಹೊರಗೂ ಓಡಾಡುತ್ತಿದ್ದರು. ಹಾದುಹೋದಾಗಲೆಲ್ಲ ಮಕ್ಕಳು ದಡಬಡಿಸಿ ಎದ್ದು ನಿಲ್ಲುವರು. ಮತ್ತೆ ಮೊದಲಿನಿಂದ ಮಲಗಿಸಬೇಕು. ಸಿಸ್ಟರು ಬೇಡಿಕೊಂಡ ಮೇಲೆ ಅಜ್ಜ ಜಗುಲಿಗೆ ಹೋಗಿ ಕೂತರು. ಅಲ್ಲಿಂದ ಒಮ್ಮೆ ಕೆಮ್ಮಿದರು. ಸಾಲಿಗೆ ಸಾಲೇ ಎದ್ದು ನಿಂತಿತು. ಎಲ್ಲರೂ ಎದ್ದು ನಿಂತರಾ ಎಂದು ಅಜ್ಜ ಹೊರಗಿನಿಂದಲೇ ವಿಚಾರಿಸಿದರು. ಸಿಸ್ಟರು ಹೂಂ ಅಂದರು.

"ಹಂಗಾದ್ರೆ ಎಲ್ಲಾರ ಎದೀನೂ ನೆಟ್ಟಗೈತೆ ಅಂತ ಬರಕೊಂಡು ಹೋಗ್ರಿ."

ದಿಂಬಿನ ಸಾಲು

ನ್ಯಾಮತಿಯಲ್ಲಿ ಶಾಲೆಯ ಕೋಣೆಯೊಂದರಲ್ಲಿ ಹೆಂಗಸರನ್ನು ನೋಡುತ್ತಿದ್ದೆವು. ಒಬ್ಬ ಸೊಸೆ ಮಲಗಿದವಳು ಏಳುವ ಹೊತ್ತಿಗೆ ನನ್ನ ಸೆರಗು ಜಗ್ಗಿದಳು. ಮದುವೆಯಾದ ಮೇಲೆ ಹಗಲು ಹೊತ್ತು ಬೆನ್ನು ನೆಲಕ್ಕೆ ತಾಗಿಸಿದ್ದು ಇವತ್ತೇ ಅಂತೆ.

"ಅಕ್ಕಾರೆ, ಲೆಕ್ಕ ತಪ್ಪೈತೆ ಅಂತ ಹೇಳಿ ಇನ್ನೊಂದು ಸಲ ಮಲಗಿಸ್ರಿ."

ನಾನು ಸಿಸ್ಟರಿಗೆ ಹಾಗೆಯೇ ಹೇಳಿದೆ. ಮರುದಿನ ಕೇರಿಯ ಸೊಸೆಯರೆಲ್ಲ ಶಾಲೆಯ ಮುಂದೆ ಸಾಲು ನಿಂತಿದ್ದರು, ಕಂಕುಳಲ್ಲಿ ಅವರವರ ದಿಂಬು.

ಜಗಳೂರಿನ ಕೊನೆಯ ಎಣಿಕೆ

ಬರುತ್ತೇನೆಂದಿದ್ದ ಮೇಷ್ಟ್ರೊಬ್ಬರು ಕೈಕೊಟ್ಟರು. ಅವರೊಬ್ಬರು ಸಿಕ್ಕಿದ್ದರೆ ಕೆಲಸ ಮುಗಿಯುತ್ತಿತ್ತು. ಡಾಕ್ಟರ ಟ್ರಂಕು ಆಗಲೇ ಬಾಗಿಲಿಗೆ ಬಂದಿತ್ತು. ಇಷ್ಟು ದಿನ ಅವರು ನನ್ನ ಜೊತೆ ಆಡಿದ್ದು "ಬರ್ಕೊಳ್ಳಿ" ಎಂಬ ಒಂದೇ ಮಾತು. ಅದಕ್ಕೆ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಆಗಲಿ, ಮನೆಯ ಕನ್ನಡದಲ್ಲಿ ಆಗಲಿ ನನಗೆ ಉತ್ತರ ಹೊಳೆದಿರಲಿಲ್ಲ. ಸಿಸ್ಟರು ನನ್ನ ಪೆನ್ನು ಕಿತ್ತುಕೊಂಡು, ಈ ಹುಡುಗಿಗೇನಾಗೈತೆ, ಇವಳನ್ನೇ ನೋಡಿ ಮುಗಿಸ್ರಿ ಎಂದರು.

ಮಲಗಿದೆ. ಡಾಕ್ಟರು ಮಣಿಕಟ್ಟು ಹಿಡಿದರು. ಮಲಗಿದ್ದಾಗಲೇ ಓಡುತ್ತಿದೆಯಲ್ಲ ಎಂದು ಗೊಣಗಿ ಇನ್ನಷ್ಟು ಕಾದರು. ಕಾದಷ್ಟೂ ಏರಿತು. ಎದ್ದು ನಿಂತೆ. ಎಲ್ಲರದೂ ಇಳಿಯುವ ಹೊತ್ತಿಗೆ ನನ್ನದು ಇಳಿಯಲಿಲ್ಲ. ಗಡಿಯಾರವನ್ನು ಕಿವಿಗಿಟ್ಟು ನೋಡಿದರು. ಜ್ವರವಿತ್ತಾ, ಕಾಫಿ ಹೆಚ್ಚಾಯಿತಾ, ಮನೆಯಲ್ಲಿ ಯಾರಿಗಾದರೂ ಎದೆಯ ಕಾಯಿಲೆಯಾ ಎಂದು ಕೇಳಿದರು. ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸಿದೆ. ಅವರ ಮುಖದಲ್ಲಿ ಕಳವಳ ಕಂಡಿತು. ಅದು ನನ್ನ ಸಲುವಾಗಿಯೇ ಎಂದು ತಿಳಿದದ್ದೇ ತಡ, ಇನ್ನೂ ಏರಿತು. ದೊಡ್ಡಾಸ್ಪತ್ರೆಗೆ ತೋರಿಸಲೇಬೇಕು ಎಂದರು.

ಸಿಸ್ಟರು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು.

"ದೊಡ್ಡಾಸ್ಪತ್ರೆ ಯಾಕ್ರೀ ಸಾರ್? ನೀವು ಆ ಹುಡುಗಿ ಕೈ ಬಿಡ್ರಿ, ತಾನೇ ಇಳೀತೈತೆ."

ಡಾಕ್ಟರು ಕಿವಿಯವರೆಗೆ ಕೆಂಪಾಗಿ ಕೈ ಬಿಟ್ಟರು. ಹೊರಗೆ ದಾವಣಗೆರೆ ಬಸ್ಸು ಹಾರನ್ ಹೊಡೆಯಿತು, ಅವರು ಟ್ರಂಕು ಎತ್ತಿಕೊಂಡು ಹೊರಟರು. ಆಮೇಲೆ ಎಷ್ಟು ಹೊತ್ತಿಗೆ ಇಳಿಯಿತೆಂದು ನೋಡಲು ಯಾರೂ ಇರಲಿಲ್ಲ.