ವಿಲಿಯಂ ದೊರೆಯ ಲೆಕ್ಕ, ಗುರುದತ್ತನ ಫ್ಲ್ಯಾಟು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹಳೇ ಕಟ್ಟಡ ಒಂದೇ ಬೆಳಿಗ್ಗೆಯಲ್ಲಿ ಮುಕ್ಕಾಲು ಪಾಲು ಖಾಲಿಯಾದದ್ದಕ್ಕೆ ಹಿತಾಳ ಹೋಮ್‌ವರ್ಕು ಕಾರಣ. ಬೆಂಕಿ ಬಿದ್ದಿದ್ದರೂ ಜನ ಅಷ್ಟು ಚುರುಕಾಗಿ ಇಳಿಯುತ್ತಿರಲಿಲ್ಲ.

ಹಿತಾಳದು ಬ್ರಿಟಿಷ್ ಸಿಲೆಬಸ್ಸಿನ ಶಾಲೆ. ಹೇಸ್ಟಿಂಗ್ಸ್ ಕದನದಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ, ಇಪ್ಪತ್ತು ವರ್ಷದ ಮೇಲೆ ಊರೂರಿಗೆ ಅಧಿಕಾರಿಗಳನ್ನು ಅಟ್ಟಿ, ಯಾರ ಮನೆಯಲ್ಲಿ ಎಷ್ಟು ಜನ, ಎಷ್ಟು ನೇಗಿಲು, ಎಷ್ಟು ಹಂದಿ ಎಂದು ಎಣಿಸಿದನಂತೆ. ಒಂದು ಎತ್ತೂ ತಪ್ಪಿಸಿಕೊಳ್ಳಲಿಲ್ಲ. ಅದರ ಮೇಲೆ ಅಪೀಲೇ ಇಲ್ಲವೆಂದು ಜನ ಅದಕ್ಕೆ ಡೂಮ್ಸ್‌ಡೇ, ಅಂದರೆ ಕಡೆಯ ತೀರ್ಪಿನ ದಿನದ ಲೆಕ್ಕ ಎಂದು ಹೆಸರಿಟ್ಟರು. ನಿಮ್ಮ ಬಿಲ್ಡಿಂಗಿನ ನಾಲ್ಕಾರು ಮನೆಗೆ ಹೋಗಿ ಹಾಗೇ ಕೇಳಿಕೊಂಡು ಬನ್ನಿ ಎಂದಿದ್ದರು ಟೀಚರು.

ಮೈಸೂರಿನ ಗುರುದತ್ತನಿಗೆ ಮಗಳ ಹೋಮ್‌ವರ್ಕೆಂದರೆ ಸ್ವಂತ ಸಾಮ್ರಾಜ್ಯ. ಅಂದು ಅವನ ಎದೆ ಮಾಮೂಲಿಗಿಂತ ಒಂದು ಗೇಣು ಉಬ್ಬಿತ್ತು. ಅವನ ಮನೆಯ ಬಾಡಿಗೆ ಕರಾರು ಮುಗಿದು, ಮುಂದುವರಿಸಬೇಕೋ ಬೇಡವೋ ನೋಡಲು ಕಟ್ಟಡದ ಕಂಪನಿಯ ಇಸ್ಮತುಲ್ಲಾ ಸಾಹೇಬರು ಅಂದೇ ಬರುವವರಿದ್ದರು. ಒಂದೇ ಸಂಸಾರವಿದ್ದರೆ ಸರಿ. ಒಳಬಾಡಿಗೆಗೆ ಜನ ಇಟ್ಟುಕೊಂಡಿದ್ದರೆ ಖಲಾಸ್, ಮನೆ ಬಿಡಬೇಕು. ಇಡೀ ಕಟ್ಟಡದಲ್ಲಿ ಹಾಲ್‌ಗೆ ಪ್ಲೈವುಡ್ ಗೋಡೆ ಹೊಡೆಸಿ ಬೆಡ್ಡುಗಳನ್ನು ಬಾಡಿಗೆಗೆ ಕೊಡದ ಗಂಡಸು ಅವನೊಬ್ಬನೇ. ನಮ್ಮನೇಲಿ ಹಲ್ಲಿಗಳೂ ಒಂದೇ ಸಂಸಾರದವು ಎಂದು ಹೆಂಡತಿ ವಾರಿಜಾಕ್ಷಿಗೆ ಹೇಳಿ, ಟೈ ಬಿಗಿದು, ಕೊರಳಿಗೆ ಆಫೀಸಿನ ಬಿಲ್ಲೆ ತೂಗುಹಾಕಿಕೊಂಡು ಹೊರಟ.

ಮೊದಲ ಬಾಗಿಲು ಭಟ್ಕಳದ ಹಮ್ಝನದು. ಅವನ ಮನೆಯ ಹಾಲ್ ಒಂದು ಜೇನುಹುಟ್ಟು. ಒಬ್ಬ ಮಗ್ಗುಲು ಬದಲಿಸಿದರೆ ಏಳು ಜನ ಬದಲಿಸಬೇಕು.

"ಈ ಮನೇಲಿ ಮಲಗೋ ತಲೆ ಎಷ್ಟು?" ಗುರುದತ್ತ ವಿಲಿಯಮನ ಗಂಟಲಿನಲ್ಲಿ ಕೇಳಿದ. "ಒಂದನ್ನೂ ಮುಚ್ಚಿಡೋ ಹಾಗಿಲ್ಲ. ಮೇಲಿಂದ ಆರ್ಡರ್ ಆಗಿದೆ."

"ಯಾವಾಗ ಆದದ್ದು ಮಾರಾಯ್ರೆ?"

"ಟೆನ್ ಏಟಿ ಸಿಕ್ಸ್, ಅಂಕಲ್," ಎಂದಳು ಹಿತಾ.

ವಿಲಿಯಮನ ಇಸವಿಯನ್ನು ಹಮ್ಝ ಕಾಯಿದೆಯ ಸೆಕ್ಷನ್ನೆಂದು ತಿಳಿದ. ಮೊದಲು ಎಣಿಸಿದವರು ಸರಿಯಾಗಿ ಎಣಿಸಿದರೋ ಎಂದು ನೋಡಲು ಹಿಂದಿನಿಂದ ಇನ್ನೊಂದು ತಂಡ ಬರುತ್ತದೆಂದು ಗುರುದತ್ತ ಸೇರಿಸಿದ. ಇತಿಹಾಸದಲ್ಲಿ ನಡೆದದ್ದೂ ಹಾಗೇ. ಹಮ್ಝನ ಮುಖದ ರಕ್ತವೆಲ್ಲ ಇಳಿದು ಚಪ್ಪಲಿಗೆ ಬಂತು.

ಅವರು ಮೇಲಿನ ಮಹಡಿ ಹತ್ತುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಕಟ್ಟಡವನ್ನೆಲ್ಲ ಸುತ್ತಿತ್ತು. ಮಂಗಳೂರಿನ ಫೆಲಿಕ್ಸನ ಫ್ಲ್ಯಾಟಿನಲ್ಲಿ ನಿನ್ನೆಯವರೆಗೆ ಒಂದು ಕ್ರಿಕೆಟ್ ಟೀಮು, ಅಂಪೈರ್ ಸಮೇತ, ಮಲಗುತ್ತಿತ್ತು. ಈಗ ಫೆಲಿಕ್ಸ್ ಒಬ್ಬನೇ ನಿಂತಿದ್ದ. ಬಚ್ಚಲಲ್ಲಿ ಅಷ್ಟೊಂದು ಹಲ್ಲುಜ್ಜುವ ಬ್ರಶ್ ಯಾಕೆಂದು ಗುರುದತ್ತ ವಿಚಾರಿಸಿದ.

"ನಂಗೆ ಹಲ್ಲು ಜಾಸ್ತಿ ಉಂಟು," ಎಂದ ಫೆಲಿಕ್ಸ್.

"ಅಪ್ಪಾ, ಇಟ್ಸ್ ಜಸ್ಟ್ ಹೋಮ್‌ವರ್ಕ್. ಲೆಟ್ಸ್ ಗೋ ಹೋಮ್," ಎಂದು ಹಿತಾ ತೋಳು ಜಗ್ಗಿದಳು. ಗುರುದತ್ತ ಕೇಳಲಿಲ್ಲ. ದಂಡಯಾತ್ರೆಗೆ ಹೊರಟ ದೊರೆ ನಡುದಾರಿಯಿಂದ ತಿರುಗುವುದುಂಟೆ? ಮಧ್ಯಾಹ್ನ ದಾಟುವವರೆಗೆ ಮಹಡಿ ಮಹಡಿ ಅಲೆದ. ಎಲ್ಲ ಕಡೆಯೂ ಗಂಡ, ಹೆಂಡತಿ, ಮಗು. ಜಾಹೀರಾತಿನಲ್ಲೂ ಅಷ್ಟು ಚೊಕ್ಕ ಸಂಸಾರಗಳಿರುವುದಿಲ್ಲ.

ಮನೆಗೆ ಮರಳಿದರೆ ಚಪ್ಪಲಿಗಳ ರಾಶಿ ಲಿಫ್ಟಿನ ಬಾಗಿಲಿನಿಂದಲೇ ಶುರುವಾಗಿತ್ತು.

ಎಣಿಸುವವನ ಮನೆಯನ್ನು ಯಾರೂ ಎಣಿಸುವುದಿಲ್ಲವೆಂದು ಹಮ್ಝ ತರ್ಕ ಮಾಡಿದ್ದ, ಕಟ್ಟಡ ಒಪ್ಪಿತ್ತು. ಒಂದು ಗಳಿಗೆ ಕೂತು ಹೋಗುತ್ತೇವೆ ಅಕ್ಕಾ ಎಂದವರಿಗೆ ವಾರಿಜಾಕ್ಷಿ ಇಲ್ಲವೆನ್ನಲಾರದೆ ಚಹಾಕ್ಕೆ ನೀರಿಟ್ಟಿದ್ದಳು. ಹಾಲ್‌ನಲ್ಲಿ ಹಾಸಿಗೆಯ ಮೇಲೆ ಹಾಸಿಗೆ, ಅದರ ಮೇಲೆ ಜನ, ಜನರ ಮಡಿಲಲ್ಲಿ ರೈಸ್ ಕುಕ್ಕರು. ಊಟದ ಮೇಜಿನ ಕೆಳಗೆ ಒಬ್ಬ ನೈಟ್ ಡ್ಯೂಟಿಯವನು ಗೊರಕೆ ಹೊಡೆಯುತ್ತಿದ್ದ. ಹಮ್ಝನ ಪ್ಲೈವುಡ್ ಗೋಡೆಗಳೂ ಕಿತ್ತುಬಂದು ಸೋಫಾಕ್ಕೆ ಒರಗಿದ್ದವು. ನಟ್ಟನಡುವೆ, ಚಹಾ ಕುಡಿಯುತ್ತ, ಇಸ್ಮತುಲ್ಲಾ ಸಾಹೇಬರು.

"ಬಂದವನು ಬೇರೆ ಎಲ್ಲಾ ಮನೆಯನ್ನೂ ನೋಡಿಕೊಂಡೇ ಬಂದೆ, ಗುರುದತ್ತ," ಎಂದರು ಸಾಹೇಬರು ಶಾಂತವಾಗಿ. "ಎಲ್ಲಾ ಕಡೆ ಒಂದೊಂದೇ ಫ್ಯಾಮಿಲಿ. ನಿಮ್ಮಲ್ಲಿ ಮಾತ್ರ ಒಂದು ತಾಲೂಕು ಉಂಟು."

ಗುರುದತ್ತ ಬೆವರು ಒರೆಸಿಕೊಳ್ಳುತ್ತ ಹೇಸ್ಟಿಂಗ್ಸಿನಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದ. ಇದೆಲ್ಲ ವಿಲಿಯಮನಿಂದ ಆದದ್ದು ಸಾರ್ ಎಂದ. ಸಾಹೇಬರು ತಾಳ್ಮೆಯಿಂದ ಕೇಳಿ, ಚಹಾದ ಕೊನೆಯ ಗುಟುಕು ಮುಗಿಸಿ, ಹಾಲ್‌ನ ಸುತ್ತ ಒಮ್ಮೆ ಕಣ್ಣಾಡಿಸಿದರು.

"ಆ ವಿಲಿಯಂ ಯಾವ ಬೆಡ್ಡಲ್ಲಿ ಮಲಗುವುದು?"

ಕರಾರು ಅಲ್ಲಿಗೇ ಖಲಾಸ್. ಅಪೀಲಿಗೆ ಜಾಗವೇ ಇರಲಿಲ್ಲ, ನಿಲ್ಲಲೂ ಇರಲಿಲ್ಲ. ಫ್ಲ್ಯಾಟು ಖಾಲಿ ಬೀಳುವುದು ಬೇಡ, ಶಿಸ್ತಿನ ಸಂಸಾರಸ್ಥರು ಯಾರಾದರೂ ಬೇಕು ಎಂದುಕೊಂಡ ಸಾಹೇಬರು, ಬೆಳಗ್ಗಿನಿಂದ ತಾವು ಕಂಡ ಮನೆಗಳಲ್ಲೆಲ್ಲ ಅಚ್ಚುಕಟ್ಟಾದ ಮನೆಯ ಯಜಮಾನನನ್ನು ಕರೆಸಿ ಅಲ್ಲೇ ಮಾತು ಮುಗಿಸಿದರು. ಹೀಗೆ ಗುರುದತ್ತನ ಫ್ಲ್ಯಾಟೂ ಹಮ್ಝನ ಕೈಗೆ ಬಂತು.

ಸಾಹೇಬರ ಲಿಫ್ಟು ಕೆಳಗಿಳಿದದ್ದೇ ಹಮ್ಝ ಗುರುದತ್ತನ ಹೆಗಲ ಮೇಲೆ ಕೈಯಿಟ್ಟ. ಪಾಪ, ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು.

"ನೀವು ಎಲ್ಲಿಗೂ ಹೋಗಬೇಡಿ ಮಾರಾಯ್ರೆ. ಕಿಟಕಿ ಇರುವ ಬದಿ ನಿಮಗೇ ಇರಲಿ," ಎಂದವನೇ ಸೋಫಾದ ಹಿಂದಿನಿಂದ ಪ್ಲೈವುಡ್ಡಿನ ಒಂದು ತುದಿ ಎತ್ತಿದ. "ಯಲ್ಲಾ, ಬೇಗ ಆ ಕಡೆ ಸ್ವಲ್ಪ ಹಿಡೀರಿ."