ಗಾಳ ಹಿಡಿದವಳ ಮುಸುಕು

ಮುಖ ಮುಚ್ಚಿಕೊಂಡು ಓಡಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸೇರುವುದಿಲ್ಲ. ದೇವರು ಮುಖ ಕೊಟ್ಟಿರುವುದು ನಾಲ್ಕು ಜನ ನೋಡಲಿ, ಗುರುತು ಹಿಡಿಯಲಿ, ಬೇಕಾದರೆ ಬೈಯಲಿ ಅಂತ. ವಡೋದರಾಕ್ಕೆ ಬಂದ ಹೊಸತರಲ್ಲಿ ಸ್ಕೂಟರಿನ ಮೇಲೆ ಹೋಗುವ ಹುಡುಗಿಯರನ್ನು ನೋಡಿ ಗಾಬರಿಯಾಗಿದ್ದೆ. ತಲೆ, ಹಣೆ, ಮೂಗು, ಬಾಯಿ ಎಲ್ಲವನ್ನೂ ದುಪಟ್ಟಾದಲ್ಲಿ ಸುತ್ತಿ, ಮೇಲೊಂದು ಕರಿ ಕನ್ನಡಕ. “ಊರಿಗೆ ಊರ ದರೋಡಿಗೆ ಹೊಂಟೈತೇನ?” ಎಂದು ಮಗಳು ಶಾರದೆಯನ್ನು ಕೇಳಿದೆ. “ಬಿಸಿಲಿಗ ಹಂಗ ಸುತಗೋತಾರ ಯವ್ವಾ” ಅಂದಳು. ಬಿಸಿಲು ನಮ್ಮ ಕಡೆ ಇರಲಿಲ್ಲವೆ? ಕೃಷ್ಣಾ ನದಿಯ ದಂಡೆಯಲ್ಲಿ ಹುಟ್ಟಿದ ಅಂಬಿಗರ ಮಗಳು ನಾನು. ನಡೆಯುವುದಕ್ಕಿಂತ ಮೊದಲು ಗಾಳ ಹಿಡಿದವಳು. ನಮ್ಮಪ್ಪ ಬಿಸಿಲಿಗೆ ಹೆದರಿ ಮುಖ ಮುಚ್ಚಿಕೊಂಡಿದ್ದರೆ ಮೀನುಗಳೇ ನಗುತ್ತಿದ್ದವು.

ನನ್ನ ಅಳಿಯನಿಗೆ ಕೊಯಾಲಿಯ ಎಣ್ಣೆ ಕಾರ್ಖಾನೆಯಲ್ಲಿ ಕೆಲಸ, ಟೌನ್‌ಶಿಪ್ಪಿನಲ್ಲಿ ಮನೆ. ನನ್ನ ಗಂಡ ತೀರಿಕೊಂಡ ಮೇಲೆ ನಾನೂ ಇಲ್ಲೇ. ಆರು ದಿನ ಬಾಲ್ಕನಿಯಲ್ಲಿ ಕೂತು ಎದುರು ಮನೆಯವರು ಹಪ್ಪಳ ಒಣಗಿಸುವುದನ್ನು ನೋಡುತ್ತೇನೆ. ಏಳನೆಯ ದಿನ, ಐತವಾರ ಬೆಳಿಗ್ಗೆ, ಅಳಿಯನ ಬೈಕಿನ ಹಿಂದೆ ಕೂತು ಮಹಿ ನದಿಗೆ ಹೋಗುತ್ತೇನೆ. ಮಧ್ಯಾಹ್ನದವರೆಗೆ ಗಾಳ ಹಾಕಿಕೊಂಡು ಕೂಡುತ್ತೇನೆ. ಆ ನಾಲ್ಕೈದು ತಾಸು ಇಲ್ಲದಿದ್ದರೆ ನನ್ನನ್ನು ಯಾವ ಔಷಧಿಯೂ ಉಳಿಸುತ್ತಿರಲಿಲ್ಲ. ಸಿಕ್ಕ ಮೀನನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ದೋಸೆ ಹಿಟ್ಟು ತರುವವರ ಹಾಗೆ ಸಭ್ಯವಾಗಿ ಮೆಟ್ಟಿಲು ಹತ್ತುತ್ತೇವೆ. ಅಕ್ಕಪಕ್ಕದವರು ಈರುಳ್ಳಿ ಸಹ ತಿನ್ನದ ಮಂದಿ. ಅವರಿಗೂ ಎಲ್ಲ ಗೊತ್ತು. ಪಾಪ, ಕಿಟಕಿ ಹಾಕಿಕೊಳ್ಳುತ್ತಾರೆ.

ಈ ಬೇಸಿಗೆಯಲ್ಲಿ ನನ್ನ ಮೂಗಿನ ಚರ್ಮ ಸುಲಿಯಿತು. ಕೆನ್ನೆಯ ಮೇಲೆ ರೊಟ್ಟಿ ಸೀದ ಹಾಗೆ ಕಪ್ಪು ಕಲೆ. ಡಾಕ್ಟರಮ್ಮ ನೋಡಿ, ಬಿಸಿಲಲ್ಲಿ ಮುಖ ಮುಚ್ಚದೆ ಹೋಗಲೇಬೇಡಿ ಅಂದಳು. ಶಾರದೆಗೆ ಅಷ್ಟೇ ಸಾಕಾಯಿತು.

“ಮಾರಿ ಮುಚ್ಚದ ಹೋದಿ ಅಂದ್ರ ಐತವಾರ ಬಂದ್. ಗಾಳದ ಕೋಲು ಮುರದು ಒಲಿಗೆ ಹಾಕ್ತೀನಿ ನೋಡ.”

“ಮನ್ಯಾಗ ಇರೂದು ಗ್ಯಾಸು. ಒಲಿ ಎಲ್ಲಿಂದ ತರ್ತಿ?” ಅಂದೆ. ಬಾಯಿ ಜೋರು ಮಾಡಿದೆನೇ ಹೊರತು ಒಳಗೆ ಹೆದರಿದ್ದೆ. ಬೈಕಿನ ಕೀಲಿ ಇರುವುದು ಅವಳ ಕೈಯಲ್ಲಿ. ಅಳಿಯ ಎಂಥ ಒಳ್ಳೆಯವನೆಂದರೆ ಹೆಂಡತಿಯ ಮಾತು ಮೀರಿ ನೀರು ಸಹ ಕುಡಿಯುವುದಿಲ್ಲ.

ಮೊದಲು ಸೀರೆಯ ಸೆರಗನ್ನೇ ಮುಖಕ್ಕೆ ಎಳೆದುಕೊಂಡೆ. ನದಿಯ ಗಾಳಿಗೆ ಅದು ನಿಲ್ಲಬೇಕಲ್ಲ! ಒಂದು ಕೈ ಸೆರಗಿಗೆ ಹೋಯಿತು, ಇನ್ನೊಂದು ಕೋಲಿಗೆ. ಅಷ್ಟರಲ್ಲಿ ಮೀನು ಜಗ್ಗಿತು. ಸೆರಗು ಬಿಡಲೋ ಕೋಲು ಬಿಡಲೋ ಎಂದು ನಾನು ಯೋಚನೆ ಮಾಡುವುದರೊಳಗೆ ಮೀನು ತನ್ನ ಯೋಚನೆ ಮುಗಿಸಿ ಹೋಗಿತ್ತು. ಮುಂದಿನ ವಾರ ಕೊರೊನಾ ಕಾಲದ ಮಾಸ್ಕು ಕಟ್ಟಿಕೊಂಡೆ. ಮೂಗಿನ ಕೆಳಗೆ ಒಂದು ಬಣ್ಣ, ಮೇಲೆ ಇನ್ನೊಂದು ಬಣ್ಣವಾಗಿ ಮನೆಗೆ ಬಂದೆ. ಆಮೇಲೆ ಅಳಿಯ ಮೊಬೈಲಿನಲ್ಲಿ ಹುಡುಕಿ, ಕುತ್ತಿಗೆಯಿಂದ ಕಣ್ಣಿನವರೆಗೆ ಎಳೆದುಕೊಳ್ಳುವ ಒಂದು ಬಟ್ಟೆಯ ಕೊಳವೆ ತರಿಸಿದ. ಬಾಯಿ ಬರುವ ಜಾಗದಲ್ಲಿ ಸಾಲಾಗಿ ಹಲ್ಲಿನ ಚಿತ್ರ. ನನ್ನ ಬಾಯಲ್ಲಿ ಉಳಿದಿರುವುದಕ್ಕಿಂತ ಹೆಚ್ಚು ಹಲ್ಲು ಅದರಲ್ಲಿದ್ದವು. ಆದರೆ ನಾನು ಎಲೆ ಅಡಿಕೆ ಜಗಿಯುವವಳು. ಮುಖದ ಮೇಲೆ ಬಟ್ಟೆ ಇರುವುದು ಮರೆತು ಪಿಚಕ್ಕನೆ ಉಗುಳಿದೆ. ಹಲ್ಲಿನ ಚಿತ್ರವೆಲ್ಲ ಕೆಂಪಾಗಿ ಗದ್ದದಿಂದ ತೊಟ್ಟಿಕ್ಕತೊಡಗಿತು. ಅಳಿಯ ನೋಡಿ “ಅತ್ತೀ! ತುಟಿಗೆ ಗಾಳ ಹತ್ತೈತಿ!” ಎಂದು ಕೂಗಿ, ಅಲ್ಲೇ ತಲೆ ತಿರುಗಿ ಕೂತುಬಿಟ್ಟ. ನಾನೇ ಅವನಿಗೆ ನೀರು ಚಿಮುಕಿಸಬೇಕಾಯಿತು.

ಮನೆಯಲ್ಲಿ ತೀರ್ಪಾಯಿತು: ಇನ್ನೊಂದೇ ಸಲ, ಮುಂದಿನ ವಾರವೂ ಸರಿಹೋಗದಿದ್ದರೆ ನದಿ ಇಲ್ಲ. ಆಗ ಕೈ ಹಿಡಿದವಳು ಕಾಲೇಜಿಗೆ ಹೋಗುವ ಮೊಮ್ಮಗಳು ನೇತ್ರಾ. ತನ್ನ ಬಿಳಿ ಹತ್ತಿಯ ದುಪಟ್ಟಾ ತಂದು ನನ್ನ ತಲೆಗೆ ಸುತ್ತಿದಳು. ಅವಳ ಕನ್ನಡ ಅರ್ಧ ಬೆಂದದ್ದು. “ಅಜ್ಜೀ, ಹಲ್ಲಾಡು ಮತ್. ಪಿನ್ ಚುಚ್ಚತಾ ಹೈ.” ಕಿವಿಯ ಹಿಂದೆ ಗಂಟು, ತಲೆಯ ಮೇಲೆ ಪಿನ್ನು, ಕೈಗೆ ಉದ್ದ ಗವಸು, ಕಣ್ಣಿಗೆ ಅವಳದೇ ಕರಿ ಕನ್ನಡಕ. ಉಸಿರಾಡುವುದಕ್ಕೇನೂ ತೊಂದರೆ ಇಲ್ಲ. ಗಾಳಿಗೆ ಹಾರುವುದೂ ಇಲ್ಲ. ಇಷ್ಟು ದಿನ ದರೋಡೆಯವರೆಂದು ಬೈದದ್ದಕ್ಕೆ ಮನಸ್ಸಿನಲ್ಲೇ ತಪ್ಪಾಯಿತು ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ಗೇಟಿನಲ್ಲಿ ಕಾವಲಿನವನು ಬೈಕು ತಡೆದ. ಯಾವಾಗಲೂ ನನ್ನನ್ನು ‘ಬಾ’ ಅನ್ನುವವನು. ಇಲ್ಲಿಯ ಭಾಷೆಯಲ್ಲಿ ಅಜ್ಜಿ ಅಂತ. ಅವತ್ತು “ಬೇನ್, ಕಯಾ ಕ್ವಾರ್ಟರ್?” ಎಂದು ಕೇಳಿದ. ಯಾವ ಮನೆಯವರು ಅಂತ. ಬೇನ್ ಅಂದರೆ ಅಕ್ಕ. ಯಾವ ಅಕ್ಕನಪ್ಪಾ ಎಂದು ನಾನು ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ನದಿಯ ದಂಡೆಯಲ್ಲೂ ಅದೇ ಕಥೆ. ಅಲ್ಲಿ ಹೊಸದಾಗಿ ಬರತೊಡಗಿದ ಬಂಗಾಳಿ ದತ್ತಾಬಾಬು, ರಿಟೈರಾದ ಮನುಷ್ಯ, “ಬೆಹನ್‌ಜಿ, ಆಪ್ ಚಾರಾ ಮೇಂ ಕ್ಯಾ ಡಾಲ್ತೀ ಹೈಂ?” ಎಂದು ಕೇಳಿದರು. ಮೀನಿನ ಮೇವಿಗೆ ಏನು ಕಲಸುತ್ತೀರಿ ಅಂತ. ಮುಖ ಬಿಟ್ಟುಕೊಂಡು ಕೂತಿದ್ದ ಇಷ್ಟು ವರ್ಷ ದಂಡೆಯ ಗಂಡಸರು ‘ಮಾಜಿ, ನೆರಳಲ್ಲಿ ಕೂತ್ಕೊಳ್ಳಿ’ ಎಂದು ಮುದುಕಮ್ಮನ ಲೆಕ್ಕದಲ್ಲಿ ನನ್ನನ್ನು ಮೂಲೆಗೆ ತಳ್ಳಿ, ಒಳ್ಳೆಯ ಜಾಗ ತಾವು ಹಿಡಿಯುತ್ತಿದ್ದರು. ಒಬ್ಬನೂ ಒಂದು ಮಾತು ಕೇಳಿದವನಲ್ಲ. ಜೋಳದ ಹಿಟ್ಟು, ಶೇಂಗಾ ಹಿಂಡಿ, ಚೂರು ಇಂಗು ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ಬರೆದುಕೊಂಡರು! ಆಮೇಲೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಕುಡಿಯಬೇಕೆಂದರೆ ಮುಸುಕು ತೆಗೆಯಬೇಕು. ತೆಗೆದರೆ ಬೆಹನ್‌ಜಿ ಹೋಗಿ ಮಾಜಿ ಬರುತ್ತಾಳೆ. “ಉಪವಾಸ” ಅಂದುಬಿಟ್ಟೆ. ಈ ಊರಿನಲ್ಲಿ ಉಪವಾಸ ಅಂದರೆ ಯಾರೂ ಯಾಕೆ ಅನ್ನುವುದಿಲ್ಲ, ಕೈಯಲ್ಲಿ ಒದ್ದಾಡುವ ರೋಹು ಮೀನು ಹಿಡಿದಿದ್ದರೂ. ಮುಂದಿನ ವಾರ ಆ ಪುಣ್ಯಾತ್ಮ ಉಪವಾಸದವರು ತಿನ್ನುವ ಆಲೂಗಡ್ಡೆ ಚಿವಡಾ ಪೊಟ್ಟಣವನ್ನೇ ತಂದರು. ನಾನು “ನಿರ್ಜಲ” ಅಂದೆ. ಅಳಿಯ ನಗು ತಡೆಯಲಾಗದೆ ನೀರಿನ ಕಡೆ ತಿರುಗಿಕೊಂಡ. ಚಿವಡಾ ಅವನೇ ತಿಂದ.

ಹೀಗೆ ಐತವಾರ ಐದು ತಾಸು ನೀರಿಲ್ಲ, ಚಹಾ ಇಲ್ಲ, ಎಲೆ ಅಡಿಕೆ ಇಲ್ಲ. ಗಂಡ ಬಡಿದಾಡಿದರೂ ಬಿಡದ ಚಟ ಅದು. ಶಾರದೆಗೆ ಖುಷಿಯೋ ಖುಷಿ. “ನಮ್ಮವ್ವಗ ಕಡೀಕೂ ಬುದ್ಧಿ ಬಂತು, ಡಾಕ್ಟರ್ ಮಾತು ಕೇಳ್ತಾಳ” ಎಂದು ಫೋನಿನಲ್ಲಿ ಊರಿಗೆಲ್ಲ ಹೇಳಿದ್ದಾಳೆ.

ಮೊನ್ನೆ ಐತವಾರ ಮೋಡ ಕವಿದಿತ್ತು. ಸೂರ್ಯನ ಸುಳಿವೇ ಇಲ್ಲ. ನಾನು ಕನ್ನಡಿ ಮುಂದೆ ನಿಂತು ಪಿನ್ನು ಚುಚ್ಚಿಕೊಳ್ಳುತ್ತಿದ್ದಾಗ ಶಾರದೆ ಬಂದಳು.

“ಇವತ್ತ ಬಿಸಿಲ ಇಲ್ಲಲ್ಲ ಯವ್ವಾ. ಆರಾಮ ಮಾರಿ ಬಿಚ್ಚಿ ಹೋಗ.”

“ನಿನಗೇನ ಗೊತ್ತೈತಿ?” ಅಂದೆ. “ಮೋಡದ ಬಿಸಿಲು ಭಾಳ ಕೆಟ್ಟದ್ದು.”