ಮೊದಲು ತೂಕ, ಆಮೇಲೆ ವಿಮಾನ

ನಮ್ಮ ವಿಮಾನಕ್ಕಿದ್ದದ್ದು ಒಂದೇ ಕಟ್ಟುನಿಟ್ಟಿನ ನಿಯಮ: ಹತ್ತುವ ಮುನ್ನ ಪ್ರತಿಯೊಬ್ಬರೂ, ಪ್ರತಿಯೊಂದು ಗಂಟೂ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಎಪ್ಪತ್ತರ ದಶಕದ ಕೊನೆಗೆ ತುಮಕೂರಿನ ಒಬ್ಬ ಗಿರಣಿ ಮಾಲೀಕರ ಖಾಸಗಿ ವಿಮಾನಕ್ಕೆ ನಾನು ಪೈಲಟ್ ಆಗಿ ಸೇರಿದೆ. ಎರಡು ಎಂಜಿನ್, ನನ್ನದೂ ಸೇರಿ ಆರು ಸೀಟು. ಗುಬ್ಬಿ ರಸ್ತೆಯ ಪಕ್ಕ ಹೊಲ ಸಮ ಮಾಡಿಸಿದ ಮಣ್ಣಿನ ರನ್‌ವೇ, ಅದರ ತುದಿಗೆ ನೀಲಗಿರಿ ಮರಗಳ ಸಾಲು. ಭಾರ ಹೆಚ್ಚಾದರೆ ವಿಮಾನ ಆ ಮರಗಳನ್ನು ದಾಟುವುದಿಲ್ಲ. ಇದು ನನಗೂ ಗೊತ್ತಿತ್ತು, ಮರಗಳಿಗೂ ಗೊತ್ತಿತ್ತು. ಪ್ರಯಾಣಿಕರಿಗೆ ಮಾತ್ರ ಎಷ್ಟು ಹೇಳಿದರೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ವಾರಕ್ಕೊಂದು ಪ್ರಸಂಗ ತಪ್ಪುತ್ತಿರಲಿಲ್ಲ.

೧. ಒಂದು ಕಾಲಿನ ಲೆಕ್ಕ

ಕುಣಿಗಲ್ ಕಡೆಯ ಕಂಟ್ರಾಕ್ಟರೊಬ್ಬರು ಮಾಲೀಕರ ಸ್ನೇಹಿತರು. ದೇಹ ಭಾರಿ, ದನಿ ಅದಕ್ಕಿಂತ ಭಾರಿ. ಯಂತ್ರ ತೋರಿಸಿದೆ.

"ಅರವತ್ತು ಅಂತ ಬರ್ಕೊಳ್ಳಿ ಕ್ಯಾಪ್ಟನ್ನೇ."

"ಯಂತ್ರ ಹೇಳಬೇಕು, ನೀವಲ್ಲ."

"ನಾಕು ಜನದ ಮುಂದೆ ತೂಗಿಸ್ಕೊಂಡ್ರೆ ದೃಷ್ಟಿ ಆಗ್ತದೆ ಕಣ್ರೀ!"

ನಾನು ಬಗ್ಗಲಿಲ್ಲ. ಗೊಣಗುತ್ತ ಬಂದು ಬಲಗಾಲನ್ನು ಯಂತ್ರದ ಮೇಲಿಟ್ಟರು. ಎಡಗಾಲು ನೆಲದ ಮೇಲೇ ಇತ್ತು. ಮುಳ್ಳು ಐವತ್ತೈದು ತೋರಿಸಿತು.

"ಇನ್ನೊಂದು ಕಾಲು?"

ನನ್ನ ಗಣಿತಜ್ಞಾನದ ಬಗ್ಗೆ ಅವರಿಗೆ ಮರುಕ ಹುಟ್ಟಿತು. "ಇನ್ನೊಂದೂ ಅಷ್ಟೇ ತೂಗ್ತದೆ ಸಾರ್. ಎರಡರಿಂದ ಗುಣಿಸ್ಕೊಳ್ಳಿ."

೨. ನಂಬಿಕೆಯ ಯಂತ್ರ

ಒಂದು ಸಲ ನಮ್ಮ ಯಂತ್ರವೇ ಕೆಟ್ಟಿತು. ಆ ದಿನ ಹೊರಡಬೇಕಿದ್ದವರು ಗುಬ್ಬಿಯ ಕೊಬ್ಬರಿ ವ್ಯಾಪಾರಿ.

"ಚಿಂತೆ ಯಾಕೆ? ನಮ್ಮ ಅಂಗಡೀದು ತರಿಸ್ತೀನಿ," ಎಂದರು. ಅರ್ಧ ಗಂಟೆಯಲ್ಲಿ ಗಾಡಿಯ ಮೇಲೆ ಯಂತ್ರ ಬಂತು. ಅವರು ಹತ್ತಿದರು, ಜೊತೆಯವರು ಹತ್ತಿದರು. ಎಲ್ಲರೂ ನೋಡಲು ಇದ್ದದ್ದಕ್ಕಿಂತ ಹಗುರ. ನನಗೆ ಅನುಮಾನ ಬಂದು ನಾನೇ ಹತ್ತಿದೆ. ನನ್ನ ತೂಕ ನನಗೆ ಬಾಯಿಪಾಠ. ಅದಕ್ಕಿಂತ ಏಳು ಕಿಲೋ ಕಡಿಮೆ ತೋರಿಸಿತು.

"ಏನ್ರೀ ಇದು? ಯಂತ್ರ ಸರಿಯಿಲ್ಲವಲ್ಲ!"

ಅವರು ಕಿಂಚಿತ್ತೂ ವಿಚಲಿತರಾಗಲಿಲ್ಲ. "ಸರಿಯಾಗೇ ಇದೆ ಸಾರ್. ಇದು ನಾವು ಮಾಲು ಕೊಳ್ಳೋ ಯಂತ್ರ. ಮಾರೋದು ಬೇರೆ ಇದೆ, ತರಿಸ್ಲಾ?"

೩. ಮಡಿಲಕ್ಕಿ

ಮಾಲೀಕರ ತಂಗಿ, ಆಕೆಯ ಮದುವೆಯಾದ ಇಬ್ಬರು ಹೆಣ್ಣುಮಕ್ಕಳು, ಆಕೆಯ ಗಂಡ. ನಾಲ್ವರೂ ಮದರಾಸಿಗೆ ಹೊರಟಿದ್ದರು. ಸೀರೆ, ಪಾತ್ರೆಗಳ ಗಂಟುಗಳೆಲ್ಲ ತೂಗಿ, ಮಿತಿಗೆ ಸರಿಯಾಗಿ ಮುಗಿಸಿ, ನಾನು ಲೆಕ್ಕದ ಹಾಳೆಗೆ ಸಹಿ ಹಾಕಿದೆ. ಇಷ್ಟು ಶಿಸ್ತಿನ ಕುಟುಂಬ ನೋಡಿರಲಿಲ್ಲ ಎಂದುಕೊಂಡು ತಲೆಯೆತ್ತಿದರೆ, ಮಾಲೀಕರ ತಾಯಿ ಮೊರ ಹಿಡಿದು ನಿಂತಿದ್ದಾರೆ. ಮೂವರ ಮಡಿಲಿಗೂ ಐದೈದು ಸೇರು ಅಕ್ಕಿ, ಐದೈದು ತೆಂಗಿನಕಾಯಿ, ಬೆಲ್ಲದಚ್ಚು, ವೀಳ್ಯದೆಲೆ.

"ಅಮ್ಮಾ, ಅದನ್ನೂ ತೂಗಬೇಕು."

"ಮಡ್ಲಕ್ಕೀನ ತಕ್ಕಡಿಗೆ ಹಾಕ್ತಾರೇನಪ್ಪಾ? ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

ಕಣ್ಣಳತೆಗೇ ಮೂವತ್ತು ಕಿಲೋ ಹೆಚ್ಚು. ಏನಾದರೂ ಇಳಿಯಲೇಬೇಕು ಎಂದೆ. ತವರಿನ ಅಕ್ಕಿ ಇಳಿಸಬಾರದು, ಕಾಯಿ ಇಳಿಸಬಾರದು, ಮಡಿಲು ತುಂಬಿದ ಹೆಣ್ಣುಮಕ್ಕಳನ್ನಂತೂ ಇಳಿಸಬಾರದು. ಎಲ್ಲರ ಕಣ್ಣೂ ಒಟ್ಟಿಗೆ ಮನೆಯ ಅಳಿಯಂದಿರ ಕಡೆ, ಅಂದರೆ ತಂಗಿಯ ಗಂಡನ ಕಡೆ ತಿರುಗಿದವು. ಪಾಪ, ಅವರು ರೈಲು ಹಿಡಿಯಲು ತಮ್ಮ ಚೀಲ ಎತ್ತಿಕೊಂಡು ಇಳಿದರು.

"ರೈಲಲ್ಲಿ ಅವ್ರು ಸುಸ್ತಾಗಲ್ವೇನಮ್ಮಾ?" ಎಂದು ಮಾಲೀಕರ ತಂಗಿ ಕೇಳಿದರು.

"ರೈಲಲ್ಲಿ ಕಳ್ಸಿದ್ರೆ ಎಲೆ ಬಾಡ್ತದೆ," ಎಂದರು ಅಜ್ಜಿ. "ಅಳಿಯಂದ್ರು ಬಾಡಲ್ಲ ಬುಡು."

೪. ಬೀಗರು

ಅಳಿಯಂದಿರು ದೂರು ಹೇಳಿದ್ದರು. ಮಾಲೀಕರು ನನ್ನನ್ನು ಕರೆಸಿದರು. "ಇನ್ನೊಂದು ಸಲ ನಮ್ಮವರಿಗೆ ಅವಮಾನ ಆದ್ರೆ ಬೇರೆ ಪೈಲಟ್ ನೋಡ್ಕೋತೀನಿ," ಎಂದರು. ಕ್ಯಾತ್ಸಂದ್ರದ ಬಾಡಿಗೆ ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಆ ಊರಲ್ಲಿ ಪೈಲಟ್ ಕೆಲಸ ಶಿರಾ ಗೇಟಿನ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ.

ಮುಂದಿನ ವಾರವೇ ಬೀಗರು ಬಂದರು, ಮಾಲೀಕರ ಮಗನಿಗೆ ಗೊತ್ತಾದ ಹೆಣ್ಣಿನ ಕಡೆಯ ಐದು ಜನ. ಮಾಲೀಕರು ಸೇರಿ ಆರು. ಇದ್ದ ಸೀಟು ಐದು.

"ಒತ್ಕೊಂಡು ಕೂರ್ತಾರೆ ಬಿಡ್ರೀ. ಬಸ್ಸಲ್ಲಿ ಕೂರಲ್ವಾ?" ಎಂದರು ಮಾಲೀಕರು. ಬೀಗರು ಎಂಬ ಕಾರಣಕ್ಕೆ ಯಾರನ್ನೂ ತೂಗಲು ಬಿಡಲಿಲ್ಲ. ಎಲ್ಲರೂ ಹತ್ತಿದ ಮೇಲೆ ನಾನು ನನ್ನ ಸೀಟಿನಿಂದ ತಿರುಗಿ ಕಣ್ಣಲ್ಲೇ ತೂಗಿದೆ.

"ಸಾರ್, ಎಪ್ಪತ್ತು ಕಿಲೋ ಹೆಚ್ಚಿದೆ. ಒಬ್ಬರು ಇಳಿಯಬೇಕು."

ಬೀಗರಲ್ಲಿ ಹಿರಿಯರು ಕೆಮ್ಮಿದರು. ಮಾಲೀಕರ ಮುಖ ಕೆಂಪಾಯಿತು.

"ಬೀಗ್ರಲ್ಲಿ ಒಬ್ರನ್ನೂ ಇಳಿಸೋ ಹಾಗಿಲ್ಲ."

"ಹಾಗಾದರೆ ತಾವು?"

"ಹೆಣ್ಣಿನ ಕಡೆಯವರನ್ನ ಕರ್ಕೊಂಡು ಹೋಗ್ತಿರೋದು ನಾನು! ನಾನೇ ಇಳೀಲಾ? ಎಪ್ಪತ್ತು ಕಿಲೋ ಇಳಿಸ್ಬೇಕು, ಅಷ್ಟೇ ತಾನೇ? ಏನಾದ್ರೂ ಮಾಡಿ ಇಳಿಸಿ. ಆಗಲ್ಲ ಅಂದ್ರೆ ನಾಳೆಯಿಂದ ಬರ್ಬೇಡಿ."

"ಆಗುತ್ತೆ ಸಾರ್," ಎಂದೆ.

ಕಿವಿಯ ಹೆಡ್‌ಫೋನ್ ತೆಗೆದು ಸೀಟಿನ ಮೇಲಿಟ್ಟೆ. ಟೋಪಿ ಹಾಕಿಕೊಂಡು ಕೆಳಗಿಳಿದೆ.

"ರೀ, ಎಲ್ಲಿಗ್ರೀ ಹೊರಟ್ರಿ?"

"ನನ್ನ ತೂಕ ಎಪ್ಪತ್ತೆರಡು ಸಾರ್. ಈಗ ಲೆಕ್ಕ ಸರಿಹೋಯಿತು. ತಾವಿನ್ನು ಧಾರಾಳವಾಗಿ ಹೊರಡಬಹುದು."

ಬಾಗಿಲನ್ನು ಹೊರಗಿನಿಂದ ಭದ್ರವಾಗಿ ಹಾಕಿ, ಆರೂ ಜನಕ್ಕೆ ಒಂದು ಸಲ್ಯೂಟ್ ಹೊಡೆದು, ಮನೆಯ ಕಡೆ ನಡೆದೆ.